ಚಂದ್ರಕಾಂತದ ಎರಡು ಚೂರು

ಗುರುವಾಯನಕೆರೆ
12 ಸೆಪ್ಟೆಂಬರ್ 2023

ಮಗಳು ದೀಪಶ್ರೀಗೆ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ಶುರು ಮಾಡುವುದು ನಮ್ಮ ಕಾಲದ ಕ್ರಮ. ನಾನು ಅರ್ಧ ಕ್ಷೇಮ ಎಂದು ಬರೆಯುತ್ತೇನೆ. ಉಳಿದ ಅರ್ಧ ಈ ಕಾಗದದ ಜೊತೆ ಇರುವ ಉಂಗುರದ ಮೇಲೆ ನಿಂತಿದೆ.

ಫೋನ್ ಇರುವಾಗ ಮುದುಕ ಯಾಕೆ ಕಾಗದ ಬರೆದ ಎಂದು ನಗಬೇಡ. ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ಅಲ್ಲಿ ನಿಂತು ಮಾತಾಡಿದರೆ ನಿನ್ನ ತಮ್ಮ ಧನರಾಜ ಒಳಗಿನಿಂದ ಕಿವಿ ಕೊಡುತ್ತಾನೆ. ಯಾರು ಯಾರ ಹತ್ತಿರ ಮಾತಾಡಿದರೂ ತನ್ನ ವಿಷಯವೇ ಎಂದು ಅವನಿಗೆ. ಅದು ಕಾಯಿಲೆಯ ಗುಣ, ಅವನ ಗುಣ ಅಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ದನಕ್ಕೆ ಹಿಂಡಿ ತರಲು ಬಂದವನು ಪೋಸ್ಟಾಫೀಸಿನ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಬಂಟ್ವಾಳದ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದು ನಿನಗೆ ಗೊತ್ತುಂಟು. ಮನಸ್ಸಿಗೆ ಕಾರಕ ಚಂದ್ರ, ಇವನ ಜಾತಕದಲ್ಲಿ ಚಂದ್ರ ನೀಚ, ಮುತ್ತಿನ ಬದಲು ಚಂದ್ರಕಾಂತ ಕಲ್ಲನ್ನು ಬೆಳ್ಳಿಯಲ್ಲಿ ಕಟ್ಟಿಸಿ ಕಿರುಬೆರಳಿಗೆ ಹಾಕಿ, ಯಾವ ಕಾರಣಕ್ಕೂ ತೆಗೆಯಬೇಡಿ ಎಂದರು. ಹಾಕಿದೆವು. ನಾನು ಅದನ್ನೆಲ್ಲ ತಲೆಯ ಮೇಲೆ ಹೊತ್ತು ಕುಣಿಯುವವನಲ್ಲ. ಆದರೆ ನಡೆದದ್ದು ನೋಡು. ಅದುವರೆಗೆ ಮಾತ್ರೆಯನ್ನು ವಿಷ ಎಂದು ಉಗುಳುತ್ತಿದ್ದವನು, ಈ ಕಲ್ಲು ಬೆರಳಲ್ಲಿದ್ದರೆ ವಿಷ ತಾಗುವುದಿಲ್ಲ ಎಂದು ತಾನೇ ಹೇಳಿ ನುಂಗತೊಡಗಿದ. ಮಳೆಗಾಲ ಪೂರ್ತಿ ತಪ್ಪಿಸಲಿಲ್ಲ. ಈಗ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾನೆ, ರಬ್ಬರ್ ಹಾಲು ಗಟ್ಟಿ ಮಾಡಿ ಮೆಷಿನಿಗೆ ಕೊಟ್ಟು ಶೀಟು ಮಾಡುತ್ತಾನೆ, ಅಮ್ಮನಿಗೆ ತಮಾಷೆ ಮಾಡುತ್ತಾನೆ.

ಮೊನ್ನೆ ಉಂಗುರ ಸಡಿಲವಾಯಿತು ಎಂದು ಚಿನ್ನಬೆಳ್ಳಿಯ ಅಂಗಡಿಗೆ ಕೊಂಡುಹೋದೆವು. ಅಂಗಡಿಯವನು ಬೆಳಕಿಗೆ ಹಿಡಿದು, "ಇದು ಗಾಜಲ್ವಾ ಮಾರಾಯ್ರೆ, ಯಾರು ನಿಮಗೆ ಟೊಪ್ಪಿ ಹಾಕಿದ್ದು?" ಎಂದ. ಧನು ಪಕ್ಕದಲ್ಲೇ ಇದ್ದ. ಮನೆಗೆ ಬಂದ ಮೇಲೆ, "ಅಕ್ಕ ನೋಡ್ಲಿ. ಅಕ್ಕ ಕಲ್ಲು ಅಂದ್ರೆ ಕಲ್ಲು, ಗಾಜು ಅಂದ್ರೆ ಗಾಜು. ಅವಳೊಬ್ಬಳು ನನಗೆ ಸುಳ್ಳು ಹೇಳುವುದಿಲ್ಲ" ಎಂದ. ಮಾತ್ರೆ ಅಂದಿನಿಂದ ಕೈಯಲ್ಲಿ ಹಿಡಿದು ಯೋಚಿಸಿ ಯೋಚಿಸಿ ನುಂಗುತ್ತಿದ್ದಾನೆ.

ಜೈಪುರದ ಲ್ಯಾಬಿನಲ್ಲಿ ನಿನ್ನ ಕೆಲಸ ಕಲ್ಲು ನೋಡುವುದೇ ಅಲ್ಲವಾ. ನೋಡಿ ಬರೆ. ಆದರೆ ಮೊದಲು ನನಗೆ ಬರೆ, ಪೋಸ್ಟಾಫೀಸಿನ ವಿಳಾಸಕ್ಕೆ. ನೀನು ಬಾ ಎಂದು ನಾನು ಕೇಳುವುದಿಲ್ಲ. ಗಂಜಿಯಲ್ಲಿ ನೀನು ಏನೋ ಬೆರೆಸಿದ್ದಿ ಎಂದು ಅವನು ನಿನ್ನ ಕೈ ತಿರುಚಿ ಮುರಿದಾಗ ನಾನು ಅಲ್ಲೇ ಇದ್ದೆ. ಕೇಳುವ ಮುಖ ನನಗಿಲ್ಲ.

ನಿನ್ನ ಅಪ್ಪ
ತುಕ್ರಪ್ಪ


ಜೈಪುರ
21 ಸೆಪ್ಟೆಂಬರ್ 2023

ಅಪ್ಪ,

ಅಂಗಡಿಯವನು ಹೇಳಿದ್ದು ಸರಿ. ಗಾಜು.

ಕಪ್ಪು ಬಟ್ಟೆಯ ಮೇಲೆ ಇಟ್ಟರೆ ನೀಲಿ ಕಾಣುತ್ತದೆ, ಬೆಳಕಿಗೆ ಅಡ್ಡ ಹಿಡಿದರೆ ಕಿತ್ತಳೆ ಬಣ್ಣ. ಅಸಲಿ ಚಂದ್ರಕಾಂತ ಹೀಗೆ ಬಣ್ಣ ಬದಲಿಸುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಒಳಗೆ ಗಾಳಿಯ ಗುಳ್ಳೆಗಳು ಕಂಡವು, ಗುಂಡಗೆ, ಸೋಡಾ ಬಾಟ್ಲಿಯಲ್ಲಿ ಇರುವ ಹಾಗೆ. ಅಸಲಿಯಲ್ಲಿ ಗುಳ್ಳೆ ಇರುವುದಿಲ್ಲ, ಸಣ್ಣ ಸಣ್ಣ ಬಿರುಕುಗಳು ಇರುತ್ತವೆ, ಚೇರಟೆ ಹುಳದ ಮೈ ಮತ್ತು ಸಾಲು ಕಾಲುಗಳ ಹಾಗೆ. ಅದು ಭೂಮಿಯೊಳಗೆ ಹುಟ್ಟಿದ್ದಕ್ಕೆ ಗುರುತು. ಇದಕ್ಕೆ ಆ ಗುರುತು ಇಲ್ಲ. ಇದು ಕುಲುಮೆಯಲ್ಲಿ ಹುಟ್ಟಿದ್ದು.

ಈಗ ನನ್ನ ಸಿಟ್ಟು. ಮಳೆಗಾಲವಿಡೀ ಧನುವನ್ನು ಕಾಪಾಡಿದ್ದು ಮಾತ್ರೆ. ಗಾಜೂ ಅಲ್ಲ, ಕಲ್ಲೂ ಅಲ್ಲ, ಚಂದ್ರನೂ ಅಲ್ಲ. ಕಲ್ಲಿನ ಗಡಸುತನ ಎಷ್ಟು, ತೂಕ ಎಷ್ಟು, ಬೆಳಕು ಅದರೊಳಗೆ ಎಷ್ಟು ಬಾಗುತ್ತದೆ, ಇಷ್ಟನ್ನು ನಾನು ಹೇಳಬಲ್ಲೆ. ಮನುಷ್ಯನ ತಲೆಯೊಳಗೆ ಅದು ಏನು ಮಾಡುತ್ತದೆ ಎಂದು ಹೇಳುವ ಯಂತ್ರ ನಮ್ಮ ಲ್ಯಾಬಿನಲ್ಲಿ ಇಲ್ಲ, ಬಂಟ್ವಾಳದಲ್ಲೂ ಇರಲಿಕ್ಕಿಲ್ಲ. ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ.

ಕೈ ಸರಿ ಉಂಟು. ಇದು ಒಣ ಊರು, ನೋವು ಕಡಿಮೆ.

ದೀಪಶ್ರೀ


ಗುರುವಾಯನಕೆರೆ
30 ಸೆಪ್ಟೆಂಬರ್ 2023

ಮಗಾ,

ನಿನ್ನ ಕಾಗದ ಎರಡು ಸಲ ಓದಿ, ಹರಿದು, ಬಸ್‌ಸ್ಟ್ಯಾಂಡಿನ ಹತ್ತಿರ ಬಿಸಾಡಿದೆ. ಮನೆಗೆ ಕೊಂಡುಹೋಗುವ ಧೈರ್ಯ ಆಗಲಿಲ್ಲ.

ಮಾತ್ರೆಯೇ ಕಾಪಾಡಿದ್ದು ಎಂದು ನನಗೂ ಗೊತ್ತುಂಟು. ನಾನು ಏಳನೇ ಕ್ಲಾಸಿಗೆ ಬಿಟ್ಟವನಾದರೂ ಅಷ್ಟು ಪೆದ್ದನಲ್ಲ. ಆದರೆ ಮಾತ್ರೆಯನ್ನು ಅವನ ಗಂಟಲಿನಿಂದ ಇಳಿಸಿದ್ದು ಯಾರು? ಡಾಕ್ಟರು ಹೇಳಿ ಇಳಿಯಲಿಲ್ಲ, ನಾನು ಬೈದು ಇಳಿಯಲಿಲ್ಲ, ನಿನ್ನಮ್ಮ ಕಾಲಿಗೆ ಬಿದ್ದರೂ ಇಳಿಯಲಿಲ್ಲ. ಗಾಜು ಇಳಿಸಿತು.

ಅದಕ್ಕೆ ನಾನು ಹೇಳುವುದು ಕೇಳು. ಅದೇ ಗಾಜನ್ನು ಚಂದ ಪಾಲಿಶ್ ಮಾಡಿ ವಾಪಸು ಕಳಿಸು. ಜೊತೆಗೆ ಒಂದು ಸಾಲು ಬರೆ, ಅಸಲಿ ಕಲ್ಲು ಧನು, ಅಂಗಡಿಯವನಿಗೆ ಕಣ್ಣು ಕಾಣುವುದಿಲ್ಲ ಎಂದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಕೇಳುವುದು ಒಂದು ಸುಳ್ಳು. ಅದೂ ಒಂದು ಜೀವಕ್ಕೆ.

ಬೆರಳಲ್ಲಿ ಉಂಗುರ ಇಲ್ಲದೆ ಅವನು ಆ ಜಾಗವನ್ನು ಉಜ್ಜುತ್ತಾ ಇರುತ್ತಾನೆ, ಚರ್ಮ ಕೆಂಪಾಗಿದೆ. ಬೇಗ ಕಳಿಸು.

ಅಪ್ಪ


ಜೈಪುರ
14 ಅಕ್ಟೋಬರ್ 2023

ಧನು,

ಮೊದಲು ನಿಜ ಹೇಳಿಬಿಡುತ್ತೇನೆ. ಹಿಂದಿನದು ಗಾಜು, ಬೆಳಕಿಗೆ ಅಡ್ಡ ಹಿಡಿದರೆ ಕಿತ್ತಳೆ ಬಣ್ಣ ಬರುತ್ತಿತ್ತು, ಅಸಲಿಗೆ ಹಾಗೆ ಬರುವುದಿಲ್ಲ. ಅಂಗಡಿಯವನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿ ಗಾಜನ್ನೇ ವಾಪಸು ಕಳಿಸಲು ನನ್ನಿಂದ ಆಗುವುದಿಲ್ಲ. ನಿನಗೆ ಎಲ್ಲರೂ ಸುಳ್ಳು ಹೇಳುತ್ತಾರೆ ಎಂದು ಅನಿಸುವಾಗ ನಾನೂ ಒಂದು ಹೇಳಿದರೆ ನೀನು ಹಿಡಿದುಕೊಳ್ಳಲು ಏನು ಉಳಿಯುತ್ತದೆ?

ಅದೇ ಬೆಳ್ಳಿಯಲ್ಲಿ ಈಗ ಅಸಲಿ ಚಂದ್ರಕಾಂತ ಕೂರಿಸಿದ್ದೇನೆ. ಲ್ಯಾಬಿನ ಕಾರ್ಡು ಜೊತೆಗೆ ಉಂಟು. ಇದು ಫೆಲ್ಡ್‌ಸ್ಪಾರ್ ಎಂಬ ಜಾತಿಯ ಕಲ್ಲು. ನಮ್ಮ ಮನೆಯ ಹಿಂದಿನ ಬಂಡೆಯಲ್ಲಿ ಬಿಳಿ, ನಸುಗೆಂಪು ಕಣಗಳು ಕಾಣುತ್ತವಲ್ಲ, ಅದರ ದೂರದ ಬಂಧು. ಬಿಸಿಯಾಗಿದ್ದಾಗ ಇದರೊಳಗೆ ಎರಡು ಬಗೆಯ ಫೆಲ್ಡ್‌ಸ್ಪಾರ್ ಒಂದಾಗಿ ಬೆರೆತಿದ್ದವು. ಭೂಮಿಯೊಳಗೆ ತುಂಬಾ ನಿಧಾನ ತಣಿಯುವಾಗ ಎರಡಕ್ಕೂ ಹೊಂದಲಿಲ್ಲ, ಬೇರೆ ಬೇರೆ ಪದರಾದವು. ಪತ್ರೊಡೆ ಕೊಯ್ದಾಗ ಎಲೆ, ಹಿಟ್ಟು, ಮತ್ತೆ ಎಲೆ ಕಾಣುವುದಿಲ್ಲವಾ, ಹಾಗೆ. ಆದರೆ ಈ ಪದರು ಕಣ್ಣಿಗೆ ಕಾಣದಷ್ಟು ತೆಳು. ಒಳಗೆ ಹೋದ ಬೆಳಕು ಆ ಪದರುಗಳಲ್ಲಿ ತಾಗಿ ಚದುರಿ ಹೊರಗೆ ಬರುತ್ತದೆ, ನಮಗೆ ಹೊಳಪು ಕಾಣುತ್ತದೆ. ಪದರು ದಪ್ಪ ಇದ್ದರೆ ಹೊಳಪು ಬಿಳಿ, ತೆಳು ಇದ್ದರೆ ನೀಲಿ. ನಿನ್ನದು ನೀಲಿ. ಕೊರೆಯುವವನು ಪದರಿನ ದಿಕ್ಕು ಸರಿಯಾಗಿ ನೋಡಿ ಕೊರೆದಿದ್ದಾನೆ, ಇಲ್ಲದಿದ್ದರೆ ಬೆಳಕು ಒಂದು ಬದಿಗೆ ಸರಿದುಬಿಡುತ್ತಿತ್ತು. ಕೈ ಆಡಿಸಿ ನೋಡು, ನೀಲಿ ಮೇಲಿನಿಂದ ಜಾರಿಕೊಂಡು ಹೋಗುತ್ತದೆ.

ಒಂದು ಎಚ್ಚರಿಕೆ. ಇದು ಗಾಜಿಗಿಂತ ಗಟ್ಟಿ, ಆದರೂ ಬೇಗ ಒಡೆಯುತ್ತದೆ. ಇದರ ಮೈಯಲ್ಲಿ ಒಡೆಯುವ ದಿಕ್ಕು ಎರಡು ಉಂಟು. ಆ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸಪಾಟಾಗಿ ಸೀಳುತ್ತದೆ, ಬಾಳೆದಿಂಡಿನ ಪಟ್ಟೆ ಬಿಟ್ಟುಕೊಂಡ ಹಾಗೆ. ಗಾಜಿಗೆ ಅಂಥ ದಿಕ್ಕು ಇಲ್ಲ. ಗಾಜು ಒಡೆದರೆ ಮರುವಾಯಿ ಚಿಪ್ಪಿನ ಒಳಗಿನ ಹಾಗೆ ಬಾಗಿ ಒಡೆಯುತ್ತದೆ, ಗೆರೆ ಗೆರೆ ಬೀಳುತ್ತದೆ. ಆದ್ದರಿಂದ ಶೀಟು ಮಾಡುವಾಗ ಉಂಗುರ ತೆಗೆದಿಡು. ಜೋಯಿಸರು ತೆಗೆಯಬೇಡಿ ಎಂದಿದ್ದಾರೆ, ಗೊತ್ತು. ಅವರು ಶೀಟು ಮಾಡುವುದಿಲ್ಲವಲ್ಲ.

ಮಾತ್ರೆ ತಪ್ಪಿಸಬೇಡ. ಕಲ್ಲು ಕಲ್ಲೇ, ಮದ್ದು ಮದ್ದೇ.

ನಿನ್ನ
ಅಕ್ಕ


ಮನೆಯಿಂದ
2 ನವೆಂಬರ್ 2023

ಅಕ್ಕ,

ನಿನ್ನ ಕಾಗದವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪತ್ರೊಡೆಯ ಸಾಲು ಬಂದಾಗ ಅಮ್ಮ, "ಅವಳಿಗೆ ಅಲ್ಲಿ ಹಸಿವಾಗ್ತದೆ ಕಾಣ್ತದೆ" ಎಂದರು. ಲ್ಯಾಬಿನ ಕಾರ್ಡನ್ನು ದೇವರ ಕೋಣೆಯಲ್ಲಿ ಇಟ್ಟು ದೀಪ ತೋರಿಸಿದ್ದಾರೆ. ನಿನ್ನ ಸಹಿಗೆ ಕುಂಕುಮ ಬಿದ್ದಿದೆ. ಇನ್ನು ನೀನು ನಮ್ಮ ಮನೆದೇವರು.

ಕಲ್ಲು ಬಹಳ ಚಂದ ಉಂಟು. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಕೈ ಓರೆ ಮಾಡುತ್ತೇನೆ, ನೀಲಿ ಬರುತ್ತದೆ. ನೇರ ಮಾಡುತ್ತೇನೆ, ಹೋಗುತ್ತದೆ. ಗಾಜಿನದ್ದು ಹೀಗೆ ಇರಲಿಲ್ಲ, ಅದು ಕೈ ಹೇಗೆ ಓರೆ ಮಾಡಿದರೂ ಒಂದೇ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಎಲ್ಲದರ ಮೇಲೂ ಅನುಮಾನ ಪಟ್ಟ ನಾನು ಅದರ ಮೇಲೆ ಪಡಲಿಲ್ಲ ನೋಡು.

ಎರಡು ಜಾತಿ ಬೆರೆತಿದ್ದದ್ದು ತಣಿಯುವಾಗ ಬೇರೆ ಆದವು ಎಂದು ಬರೆದಿದ್ದಿಯಲ್ಲ. ನನ್ನ ತಲೆಯೊಳಗೆ ಮಾತಾಡುವವನೂ ನಾನೂ ಹಾಗೆಯೇ. ಈಗ ತಣಿದಿದೆ, ಅವನು ಒಂದು ಪದರು, ನಾನು ಒಂದು ಪದರು. ಅವನು ಈ ಬದಿಗೆ ಬರಲಿಕ್ಕಿಲ್ಲ.

ಅಮ್ಮ ಹೇಳುತ್ತಾರೆ, ನಕಲಿ ಕಲ್ಲಿಗೆ ಮಾತ್ರೆಯ ಸಹಾಯ ಬೇಕಿತ್ತು, ಅಸಲಿ ಬಂದ ಮೇಲೆ ಎಂತಕ್ಕೆ ಎಂದು. ನನಗೂ ಸರಿ ಎನಿಸಿತು. ಮಾತ್ರೆ ತಿಂದರೆ ಕೈ ನಡುಗುತ್ತದೆ, ಟ್ಯಾಪಿಂಗ್ ಕತ್ತಿ ಆಳಕ್ಕೆ ಹೋಗಿ ಮರಕ್ಕೆ ಗಾಯ ಆಗುತ್ತದೆ. ಈಗ ನಡುಗುವುದಿಲ್ಲ. ಅಪ್ಪನಿಗೆ ಹೇಳಲಿಲ್ಲ, ಸುಮ್ಮನೆ ಬೊಬ್ಬೆ ಹಾಕುತ್ತಾರೆ.

ಉಂಗುರವನ್ನು ಶೀಟು ಮಾಡುವಾಗಲೂ ತೆಗೆಯುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಿನ್ನ ಮಾತು ಮೀರಿದ್ದೇನೆ.

ಧನು


ಜೈಪುರ
10 ನವೆಂಬರ್ 2023

ಅಪ್ಪ,

ಧನು ಮಾತ್ರೆ ಬಿಟ್ಟಿದ್ದಾನೆ. ಅಮ್ಮ ಬಿಡಿಸಿದ್ದಾರೆ. ಫೋನಿಗೆ ನೀವು ಸಿಗುತ್ತಿಲ್ಲ, ಲೈನು ಸಿಕ್ಕಿದಾಗ ಅಮ್ಮ ಎತ್ತಿ "ಎಲ್ಲ ಒಳ್ಳೆದುಂಟು" ಎಂದು ಇಟ್ಟುಬಿಡುತ್ತಾರೆ.

ಆ ಕಾರ್ಡನ್ನು ದೇವರ ಕೋಣೆಯಿಂದ ತೆಗೆಯಿರಿ. ಅದರಲ್ಲಿ ಬರೆದದ್ದು ಈ ಕಲ್ಲು ನೈಸರ್ಗಿಕ ಎಂದು, ನಿಮ್ಮ ಮಗ ಗುಣವಾದ ಎಂದು ಅಲ್ಲ. ಇದನ್ನು ಓದಿದ ಕೂಡಲೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾಳೆ ನೋಡುವ ಎನ್ನಬೇಡಿ. ನಾನು ಅಷ್ಟು ದೂರದಿಂದ ಏನು ಮಾಡಲಿ? ನನಗೆ ಹೆದರಿಕೆಯಾಗುತ್ತಿದೆ.

ದೀಪಶ್ರೀ


ಮೂಡುಬಿದಿರೆ
9 ಡಿಸೆಂಬರ್ 2023

ಮಗಾ,

ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದು ತಡವಾಗಿ. ನನಗೆ ಜ್ವರ, ಗುರುವಾಯನಕೆರೆ ಕಡೆ ಹೋಗಿರಲಿಲ್ಲ. ಅದು ಪೋಸ್ಟಾಫೀಸಿನಲ್ಲಿ ಬಿದ್ದಿತ್ತು. ಮನೆಯ ವಿಳಾಸಕ್ಕೆ ಬರೆಯಬೇಡ ಎಂದವನು ನಾನೇ.

ಅಷ್ಟರಲ್ಲಿ ಅವನಿಗೆ ತಲೆಯೊಳಗಿನ ಮಾತುಗಳು ಮತ್ತೆ ಶುರುವಾಗಿದ್ದವು. ಹಿತ್ತಲಲ್ಲಿ ನಿಂತು ಉಂಗುರದ ಹತ್ತಿರ ಮಾತಾಡುತ್ತಿದ್ದ. ಒಂದು ಬೆಳಿಗ್ಗೆ ಶೀಟು ಮಾಡುವಾಗ ಮೆಷಿನಿನ ಹಿಡಿಕೆ ಕೈತಪ್ಪಿ ತಿರುಗಿ ಉಂಗುರಕ್ಕೆ ಬಡಿಯಿತು. ಬೆರಳಿಗೆ ಏನೂ ಆಗಲಿಲ್ಲ. ಕಲ್ಲು ಎರಡು ತುಂಡು. ಒಂದು ಬೆಳ್ಳಿಯಲ್ಲೇ ಉಳಿಯಿತು, ಒಂದು ಆಸಿಡ್ ಹಾಕಿದ ರಬ್ಬರ್ ಹಾಲಿನ ತಟ್ಟೆಗೆ ಬಿತ್ತು. ಅವನು ತಟ್ಟೆಯಿಂದ ಹೆಕ್ಕಿ, ತೊಳೆದು, ನನಗೆ ತೋರಿಸಿ, "ಅಸಲಿಯೇ ಒಡೆಯಿತಲ್ಲ ಅಪ್ಪ. ಇನ್ನು ನನ್ನದು ಮುಗಿಯಿತು" ಎಂದ. ಅಂದಿನಿಂದ ಊಟ ಬಿಟ್ಟ, ನೀರು ಬಿಟ್ಟ. ಎರಡು ಸಲ ಗುಡ್ಡದ ತುದಿಯ ಬಂಡೆಯಿಂದ ಹಿಡಿದು ತಂದೆವು. ಹೆಚ್ಚು ಬರೆಯಲು ಕೈ ಬರುವುದಿಲ್ಲ.

ಈಗ ಮೂಡುಬಿದಿರೆ ಕಡೆಯ ಒಂದು ಆಸ್ಪತ್ರೆಯಲ್ಲಿ ಇದ್ದೇವೆ. ಸರಳಿನ ಕೋಣೆ. ಸೂಜಿಮದ್ದು ಕೊಟ್ಟು ಮಲಗಿಸುತ್ತಾರೆ. ಎಚ್ಚರವಾದಾಗ ಮಾತ್ರೆ ಕೊಟ್ಟರೆ ಹಲ್ಲು ಕಚ್ಚುತ್ತಾನೆ. ಕಲ್ಲೇ ಬಿಟ್ಟುಹೋಯಿತು, ಮಾತ್ರೆ ಎಂತ ಮಾಡ್ತದೆ ಎಂದು ಕೇಳುತ್ತಾನೆ. ಡಾಕ್ಟರು ಹೇಳಿದ್ದು, ಅವನಾಗಿ ಬಾಯಿ ತೆರೆದರೆ ದಾರಿ ಉಂಟು, ಇಲ್ಲದಿದ್ದರೆ ಕಷ್ಟ ಎಂದು. ನಿನ್ನಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಅವಳನ್ನು ಬೈಯುವ ಮನಸ್ಸು ನನಗಿಲ್ಲ, ನೀನೂ ಬೈಯಬೇಡ.

ದೀಪಾ, ಅವತ್ತು ಕೇಳಿದ್ದನ್ನೇ ಇವತ್ತು ತಿರುಗಿಸಿ ಕೇಳುತ್ತೇನೆ. ಒಡೆದದ್ದು ಗಾಜು ಎಂದು ಬರೆ. ಲ್ಯಾಬಿನ ಹಾಳೆಯಲ್ಲಿ, ಸೀಲು ಹಾಕಿ, ನಿನ್ನ ಅಕ್ಷರದಲ್ಲಿ. ಅಸಲಿ ಇನ್ನೂ ಒಡೆದಿಲ್ಲ ಎಂದು ಅವನಿಗೆ ಗೊತ್ತಾದರೆ ಬಾಯಿ ತೆರೆಯಬಹುದು. ಅವತ್ತು ನೀನು ಸತ್ಯವನ್ನು ಕಳಿಸಿದಿ. ಗಾಜೇ ಇದ್ದಿದ್ದರೆ ಎಂದು ನಾನು ಹೇಳುವುದಿಲ್ಲ. ಹೇಳಿ ಏನು ಪ್ರಯೋಜನ. ಆದರೆ ಈ ಸಲ ಅಪ್ಪನ ಮಾತು ಕೇಳು.

ತುಕ್ರಪ್ಪ


ಜೈಪುರ
16 ಡಿಸೆಂಬರ್ 2023

ಅಪ್ಪ,

ನೀವು ಕೇಳಿದ್ದನ್ನು ಬರೆದಿದ್ದೇನೆ. ಈ ಚೀಟಿಯನ್ನು ಹರಿದುಹಾಕಿ, ಕೆಳಗಿನ ಹಾಳೆಯನ್ನು ಅವನಿಗೆ ಕೊಡಿ. ಸುಳ್ಳು ವರದಿಗೆ ಸೀಲು ಹಾಕಿದ್ದು ಇದೇ ಮೊದಲು. ರಜೆ ಕೇಳಿದ್ದೇನೆ, ಸಿಗುವುದು ಕಷ್ಟ.

ದೀಪಶ್ರೀ

*

ಪ್ರೀತಿಯ ಧನು,

ನಿನ್ನ ಹತ್ತಿರ ಒಂದು ಮಾತು ಮುಚ್ಚಿಟ್ಟಿದ್ದೆ. ಆಗ ಒಳ್ಳೆಯ ಚಂದ್ರಕಾಂತ ಸಿಕ್ಕಿರಲಿಲ್ಲ. ನೀನು ಬೆರಳು ಉಜ್ಜಿ ಗಾಯ ಮಾಡಿಕೊಳ್ಳುತ್ತಿದ್ದಿ ಎಂದು ಅಪ್ಪ ಬರೆದಿದ್ದರು. ಅವಸರದಲ್ಲಿ ಇನ್ನೊಂದು ಒಳ್ಳೆಯ ಜಾತಿಯ ಗಾಜನ್ನೇ ಕೂರಿಸಿ, ಅಸಲಿ ಎಂದು ಬರೆದು ಕಳಿಸಿದೆ. ಒಡೆದದ್ದು ಅದು. ಗಾಜು ಒಡೆಯುವುದು ದಿನಾ ನಡೆಯುವ ವಿಷಯ, ಮನೆಯಲ್ಲಿ ಎಷ್ಟು ಚಿಮಣಿ, ಎಷ್ಟು ಗ್ಲಾಸು ಒಡೆದಿಲ್ಲ? ಅದರಲ್ಲಿ ಶಕುನ ಏನೂ ಇಲ್ಲ. ವರದಿ ಇದರ ಜೊತೆ ಉಂಟು.

ಅಸಲಿ ನನ್ನ ಹತ್ತಿರ ಉಂಟು, ಹಾಗೆಯೇ ಇಡಿಯಾಗಿ. ನೀನು ಮಾತ್ರೆ ನುಂಗಿ, ಊಟ ಮಾಡಿ, ಮನೆಗೆ ಹೋದ ದಿನ ಕಳಿಸುತ್ತೇನೆ.

ನನ್ನ ಮೇಲೆ ಸಿಟ್ಟು ಮಾಡು, ಪರವಾಗಿಲ್ಲ. ಊಟ ಮಾತ್ರ ಬಿಡಬೇಡ.

ಅಕ್ಕ


ಆಸ್ಪತ್ರೆಯಿಂದ
27 ಡಿಸೆಂಬರ್ 2023

ಅಕ್ಕ,

ಪೆನ್ನು ಕೊಡುವುದಿಲ್ಲ ಇಲ್ಲಿ. ಆಫ್ರಾ ಸಿಸ್ಟರ್ ಎದುರಿಗೆ ಕೂತು ತಮ್ಮ ಪೆನ್ನು ಕೊಟ್ಟಿದ್ದಾರೆ, ಬರೆದ ಕೂಡಲೇ ವಾಪಸು ತೆಗೆದುಕೊಳ್ಳುತ್ತಾರೆ. ಪೋಸ್ಟಿಗೂ ಅವರೇ ಹಾಕುತ್ತಾರೆ. ಅಪ್ಪನಿಗೆ ಗೊತ್ತಿಲ್ಲ.

ನಿನ್ನ ಹಾಳೆಯನ್ನು ಅಪ್ಪ ಸರಳಿನ ಆ ಬದಿಯಲ್ಲಿ ನಿಂತು ಓದಿದರು. ಓದುವಾಗ ಗಾಜು ಎಂಬ ಶಬ್ದ ಬಂದಲ್ಲೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು, "ಹಾಗಾದ್ರೆ ಸರಿ" ಎಂದು ಬಾಯಿ ತೆರೆದೆ. ಸಿಸ್ಟರ್ ಮಾತ್ರೆ ಹಾಕಿದರು. ನಾಲಿಗೆ ಎತ್ತಿ ತೋರಿಸಿದೆ. ಅಪ್ಪ ಬಚ್ಚಲಿಗೆ ಹೋಗಿ ಬರುತ್ತೇನೆ ಎಂದು ಹೊರಗೆ ಹೋದರು, ಅಲ್ಲಿಂದ ಅವರು ಅಳುವುದು ಕೇಳಿಸುತ್ತಿತ್ತು. ಆಮೇಲೆ ಅಮ್ಮನನ್ನು ಕರೆದುಕೊಂಡು ಹೋಗಿ ಇಬ್ಬರೂ ಊಟ ಮಾಡಿ ಬಂದರಂತೆ. ತುಂಬಾ ದಿನವಾಗಿತ್ತು ಅವರು ಉಂಡು.

ಅವರು ಹೋದ ಮೇಲೆ, ಇಲ್ಲಿಗೆ ಸೇರಿಸುವಾಗ ನನ್ನಿಂದ ತೆಗೆದಿಟ್ಟಿದ್ದ ಕಲ್ಲಿನ ಚೂರುಗಳನ್ನು ಸಿಸ್ಟರಿನ ಹತ್ತಿರ ಕೇಳಿದೆ. ನನ್ನ ಕೈಗೆ ಕೊಡಲಿಲ್ಲ, ಅಂಚು ಹರಿತ ಉಂಟಂತೆ. ತಮ್ಮ ಅಂಗೈಯಲ್ಲಿ ಇಟ್ಟು ಕಿಟಕಿಯ ಹತ್ತಿರ ಹಿಡಿದರು. ಒಡೆದ ಮುಖ ಸಪಾಟು, ಅಕ್ಕ. ಎರಡನ್ನೂ ಜೋಡಿಸಿದರೆ ಕೂದಲಿನಷ್ಟು ಗೆರೆ ಮಾತ್ರ ಕಾಣುತ್ತದೆ. ಮರುವಾಯಿ ಚಿಪ್ಪಿನ ಹಾಗೆ ಬಾಗಿಲ್ಲ, ಗೆರೆ ಗೆರೆ ಇಲ್ಲ. ಬಿಸಿಲಿಗೆ ಅಡ್ಡ ಹಿಡಿಯಲು ಹೇಳಿದೆ, ಕಿತ್ತಳೆ ಬರಲಿಲ್ಲ. ಓರೆ ಮಾಡಿದಾಗ ಅರ್ಧ ಕಲ್ಲಿನಲ್ಲಿಯೂ ನೀಲಿ ಬಂತು.

ಕಲ್ಲು ಅಸಲಿ. ಸುಳ್ಳಾದದ್ದು ನಿನ್ನ ಕಾಗದ.

ನನಗೆ ಸಿಟ್ಟು ಬರಲಿಲ್ಲ. ಹೆದರಿಕೆ ಆಯಿತು. ನನಗೆ ಸುಳ್ಳು ಹೇಳದವಳು ನೀನೊಬ್ಬಳು ಇದ್ದಿ. ನೀನೂ ಹೇಳಿದಿ ಅಂದರೆ ನಾನು ಎಷ್ಟು ಕೆಳಗೆ ಹೋಗಿದ್ದೇನೆ ಎಂದು ಆಗ ಗೊತ್ತಾಯಿತು. ತಲೆಯೊಳಗಿನವನು ನಗುತ್ತಾನೆ. ನೋಡಿದಿಯಾ, ನಾನು ಹೇಳಿದ್ದೇ ನಿಜ, ಎಲ್ಲರೂ ಸೇರಿದ್ದಾರೆ ಎನ್ನುತ್ತಾನೆ.

ಅಪ್ಪನಿಗೆ ಹೇಳಬೇಡ, ನನಗೆ ಗೊತ್ತಾಗಿದೆ ಎಂದು. ಅವರ ಎದುರಿಗೆ ನಾನು ನಂಬಿದವನ ಹಾಗೆ ಇರುತ್ತೇನೆ, ಮಾತ್ರೆ ನುಂಗುತ್ತೇನೆ. ಎಷ್ಟು ದಿನ ಆಗುತ್ತದೆ ಎಂದು ನನಗೆ ಗೊತ್ತಿಲ್ಲ. ನೀನು ಬರುವವರೆಗೆ ಪ್ರಯತ್ನ ಮಾಡುತ್ತೇನೆ.

ರಜೆ ಸಿಗುವುದು ಕಷ್ಟ ಎಂದು ಅಪ್ಪ ಹೇಳಿದರು. ನೀನು ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತುಂಟು. ನಿನ್ನ ಕೈ ಈಗ ಪೂರ್ತಿ ಮಡಚಲಿಕ್ಕೆ ಆಗುತ್ತದಾ? ನಾನು ಕೇಳಿದರೆ ಇಲ್ಲಿ ಯಾರೂ ಹೇಳುವುದಿಲ್ಲ. ಇಲ್ಲಿ ಸರಳು ಉಂಟು, ಅಕ್ಕ. ಸಿಸ್ಟರ್ ಇರುತ್ತಾರೆ. ನೀನು ಆ ಬದಿಯಲ್ಲಿ ಸ್ಟೂಲು ಹಾಕಿ ಕೂತುಕೊ, ನಾನು ಮಂಚದಿಂದ ಇಳಿಯುವುದಿಲ್ಲ.

ಬೇಗ ಬಾ. ಕಲ್ಲು ತರಬೇಡ.

ಧನರಾಜ